ಎರಡು ಸೀಟಿನ ಕಾರು, ಹನ್ನೊಂದನೇ ಕಾಲಂ

ವಾಹನಗಳನ್ನು ಜನರ ಹೆಸರಿಗೆ ಮಾಡಿಕೊಡುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಾನು ಕೊಂಡ ಕಾರನ್ನು ನನ್ನ ಹೆಸರಿಗೆ ಮಾಡಿಕೊಡಲು ನೀವು ಒಪ್ಪುತ್ತಿಲ್ಲ. ಆರು ವಾರವಾಯಿತು. ಕಾರು ನನ್ನ ಅಂಗಳದಲ್ಲಿ ನಿಂತಿದೆ, ನಾನು ರಸ್ತೆಯಲ್ಲಿ ನಡೆಯುತ್ತಿದ್ದೇನೆ. ಕಳೆದ ವಾರ ನಿಮ್ಮ ಸಹಿ ಇರುವ ನೋಟಿಸು ಬಂತು: ‘ಅರ್ಜಿದಾರರು ಹನ್ನೊಂದನೇ ಕಾಲಂನಲ್ಲಿ ಸುಳ್ಳು ಮಾಹಿತಿ ನೀಡಿ ಕಚೇರಿಯನ್ನು ಅಪಹಾಸ್ಯ ಮಾಡಿದ್ದು, ಹದಿನೈದು ದಿನಗಳೊಳಗೆ ವಿವರಣೆ ನೀಡತಕ್ಕದ್ದು.’ ಇಗೋ, ವಿವರಣೆ. ಕೌಂಟರಿನ ಕಿಂಡಿಯಲ್ಲಿ ತೂರಿಸಿದರೆ ಇದೂ ಯಾವುದೋ ಕಡತದ ಹೊಟ್ಟೆ ಸೇರುತ್ತದೆಂದು ಪತ್ರಿಕೆಗೆ ಕಳಿಸಿದ್ದೇನೆ. ನಾಲ್ಕು ಜನ ಓದಲಿ. ಯಾರು ಯಾರನ್ನು ಅಪಹಾಸ್ಯ ಮಾಡಿದರೆಂದು ಅವರೇ ಹೇಳಲಿ.

ನನಗೆ ಐವತ್ತು ವರ್ಷ. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಇಪ್ಪತ್ತೆರಡು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ಎಂಟು ಗಂಟೆಗೆ ನರ್ಸುಗಳು ಹಾಸಿಗೆ ಬದಲಿಸಲು ನಿಂತಾಗ ಇಸ್ತ್ರಿಯಾದ ಹೊದಿಕೆಗಳು ವಾರ್ಡಿನಲ್ಲಿರಬೇಕು. ಅದಕ್ಕೆ ನಾವು ಆರಕ್ಕೇ ಮಷೀನು ಶುರು ಮಾಡಬೇಕು. ನಮ್ಮ ಕಡೆಯಿಂದ ಐದೂಕಾಲಿಗೆ ಒಂದು ಬಸ್ಸಿತ್ತು. ಪ್ರಯಾಣಿಕರಿಲ್ಲವೆಂದು ಅದನ್ನು ನಿಲ್ಲಿಸಿದರು. ಆ ಬಸ್ಸಿನ ಡ್ರೈವರು ಕೊನೆಯ ದಿನ ನನ್ನನ್ನು ಇಳಿಸುವಾಗ, “ನೀವೊಬ್ರೇ ಇದ್ರಿ ಅಂತ ನಿಲ್ಸಿದ್ರು ಕಣಕ್ಕಾ, ಬೇಜಾರು ಮಾಡ್ಕೋಬೇಡಿ” ಎಂದ. ಈಗ ಮೊದಲ ಬಸ್ಸು ಏಳಕ್ಕೆ. ಆಸ್ಪತ್ರೆಗೆ ಹದಿಮೂರು ಕಿಲೋಮೀಟರ್. ಒಂದು ಗಂಟೆ ನಡೆದು ಹೆದ್ದಾರಿ ಮುಟ್ಟಿ, ಹಾಲಿನ ವ್ಯಾನಿಗೆ ಕೈ ಅಡ್ಡ ಹಾಕಿ ಹೋಗುತ್ತಿದ್ದೇನೆ. ವ್ಯಾನು ಬಾರದ ದಿನ ಹೊದಿಕೆ ತಡ, ಹೊದಿಕೆ ತಡವಾದರೆ ಅಲ್ಲಿ ಮಲಗಿರುವವರು ಒದ್ದೆಯಲ್ಲೇ ಕಾಯಬೇಕು. ನಮ್ಮ ಮೇಲ್ವಿಚಾರಕಿ ಒಳ್ಳೆಯವಳು, ತಿಂಗಳ ಕೊನೆಯವರೆಗೆ ತಾಳುತ್ತೇನೆ ಎಂದಿದ್ದಾಳೆ. ಆಮೇಲೆ ಬೆಳಗಿನ ಪಾಳಿಗೆ ಬೇರೆಯವರು. ಬೇರೆ ಪಾಳಿಯಲ್ಲಿ ಜಾಗವಿಲ್ಲ.

ನನ್ನ ಯಜಮಾನರು ಅದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದರು. ರಜೆಯ ದಿನ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ, ಗುಜರಿಗೆ ಹೋಗಲಿದ್ದ ಹಳೆಯ ವ್ಯಾನಿನಲ್ಲಿ ನನಗೆ ಕಲಿಸಿದರು. ಬ್ರೇಕು ತುಳಿದರೆ ಹಿಂದೆ ಮಲಗಿದವರಿಗೆ ಗೊತ್ತಾಗಬಾರದು, ಅದು ಅವರ ಪಾಠ. ನಿಮ್ಮದೇ ಕಚೇರಿ ಹದಿನೆಂಟು ವರ್ಷದ ಹಿಂದೆ ನನಗೆ ಲೈಸೆನ್ಸು ಕೊಟ್ಟಿದೆ. ಯಜಮಾನರು ತೀರಿಕೊಂಡು ಮೂರು ವರ್ಷ. ಮಕ್ಕಳಿಲ್ಲ.

ಇನ್ನು ಕಾರಿನ ವಿಷಯ. ಯಜಮಾನರ ಜೊತೆ ಆಂಬುಲೆನ್ಸುಗಳ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಇದ್ದಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಹಳೇ ಗಾಡಿ ನೋಡಿಕೊಡಪ್ಪಾ ಎಂದಾಗ ಮೊದಲು ಒಂದು ಬಿಳಿ ಕಾರು ತೋರಿಸಿದ. ನಾಲ್ಕು ಬಾಗಿಲು, ಹೊಳಪೆಂದರೆ ಹೊಳಪು. ಅವನು ಬಾನೆಟ್ ಎತ್ತಿ ಎಂಜಿನ್ ನೋಡುತ್ತಿದ್ದಾಗ ನಾನು ಸೀಟಿನ ಕೆಳಗಿನ ನೆಲಹಾಸಿನಡಿ ಕೈ ತೂರಿಸಿ ಬೆರಳು ಮೂಸಿ ನೋಡಿದೆ. ಇಪ್ಪತ್ತೆರಡು ವರ್ಷ ನನ್ನ ಮೂಗು ಮಾಡಿದ ಕೆಲಸವೇ ಅದು. ಕೊಳಕು ನೀರು ಕುಡಿದ ಬಟ್ಟೆಯನ್ನು ಎಷ್ಟು ಒಣಗಿಸಿದರೂ, ಎಷ್ಟು ಸೆಂಟು ಹೊಡೆದರೂ ನನ್ನಿಂದ ಮುಚ್ಚಿಡಲಾಗದು. “ನೆರೆ ನೀರಲ್ಲಿ ಮುಳುಗಿದ ಗಾಡಿ ಇದು,” ಎಂದೆ. ಮಾರುವವನು ಆಣೆ ಪ್ರಮಾಣಕ್ಕೆ ಇಳಿದ. ಮೆಕ್ಯಾನಿಕ್ ಸೀಟಿನ ಎರಡು ಬೋಲ್ಟು ಬಿಚ್ಚಿದ. ಕೆಳಗೆ ಕೆಸರು ಒಣಗಿ ಚಕ್ಕೆಗಟ್ಟಿತ್ತು.

ಎರಡನೆಯದೇ ಈ ಕಾರು. ಒಬ್ಬ ಹಲ್ಲಿನ ಡಾಕ್ಟರದ್ದು. ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡಂತೆ ಕುಳ್ಳು, ಬಾಗಿಲು ಎರಡೇ, ಸೀಟೂ ಎರಡೇ. ಇದೇನು ಸಿನಿಮಾದವರ ಗಾಡಿ ತೋರಿಸುತ್ತೀಯಲ್ಲ, ನನ್ನ ವಯಸ್ಸೇನು, ನನ್ನ ಕೆಲಸವೇನು ಎಂದು ರೇಗಿದೆ. ಅವನು ನಕ್ಕು, “ಅತ್ತಿಗೇ, ಇದಕ್ಕೆ ಗಿರಾಕಿನೇ ಇಲ್ಲ. ಹುಡುಗರ ಹತ್ರ ದುಡ್ಡಿಲ್ಲ, ದುಡ್ಡಿದ್ದೋರ ಬೆನ್ನು ಬಗ್ಗಲ್ಲ. ಅದಕ್ಕೇ ನಿಮ್ಮ ಕೈಗೆ ಎಟುಕೋ ರೇಟಿಗೆ ಬಂದಿದೆ” ಎಂದ. ಡಾಕ್ಟರು ಐವತ್ತಕ್ಕೆ ಕಾಲಿಟ್ಟ ಖುಷಿಗೆ ಕೊಂಡರಂತೆ. ಒಂದೇ ವರ್ಷಕ್ಕೆ ಸೊಂಟ ಹಿಡಿಯಿತಂತೆ. ಅವರ ಮನೆಯವರು ಒಮ್ಮೆ ಕೂತು, ಇಳಿಯಲು ಇಬ್ಬರ ಕೈ ಬೇಕಾಗಿ, ಮತ್ತೆ ಅದರ ಹತ್ತಿರ ಸುಳಿಯಲಿಲ್ಲವಂತೆ. ಸರ್ವಿಸು ಮಾಡಿಸಿದ ಚೀಟಿಗಳೆಲ್ಲ ದಾರದಲ್ಲಿ ಪೋಣಿಸಿದಂತೆ ಕ್ರಮವಾಗಿದ್ದವು. ಎಂಜಿನ್ ನಾವು ನೀವು ನೋಡುವ ಸಾಧಾರಣ ಕಾರಿನಷ್ಟೇ, ಕಾಲು ಹಗುರವಾಗಿಟ್ಟರೆ ಪೆಟ್ರೋಲೂ ಅಷ್ಟೇ. ಟೈರು ಮಾತ್ರ ಅಗಲ, ಬದಲಿಸುವಾಗ ಕೈ ಸುಡುತ್ತದೆ ಎಂದು ಮೆಕ್ಯಾನಿಕ್ ಮುಚ್ಚುಮರೆಯಿಲ್ಲದೆ ಹೇಳಿದ. ನೆಲಹಾಸು ಮೂಸಿದೆ. ಒಣ ಉಣ್ಣೆಯ ವಾಸನೆ, ಅಷ್ಟೇ. ಹತ್ತುವ ಉಪಾಯವನ್ನೂ ಕಲಿತೆ: ಮೊದಲು ಕೂತುಬಿಡಬೇಕು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ಕರೆದುಕೊಳ್ಳಬೇಕು. ದಿನವಿಡೀ ಒದ್ದೆ ಗಂಟು ಎತ್ತುವ ಸೊಂಟಕ್ಕೆ ಇದೇನು ಮಹಾ?

ಹೀಗೆ ಒಬ್ಬ ಹೆಂಗಸು ಕೆಲಸಕ್ಕೆ ಹೋಗಲು ಕಾರು ಕೊಂಡಳು. ಇಷ್ಟೇ ನಡೆದದ್ದು. ಇದರಲ್ಲಿ ಘನ ಕಚೇರಿಗೆ ಅರ್ಥವಾಗದ್ದು ಯಾವುದು?

ನಿಮ್ಮ ಕೌಂಟರಿನಲ್ಲಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಗುಮಾಸ್ತರು ಯಾರ ಗಾಡಿ ಎಂದು ಕೇಳಿದರು. ನಂದು ಎಂದೆ. ಅಲ್ಲಮ್ಮಾ, ಓಡಿಸೋರು ಯಾರು ಎಂದರು. ನಾನೇ ಎಂದೆ. ಅವರು ಪಕ್ಕದ ಮೇಜಿಗೆ ತಿರುಗಿ, “ಬಾರಯ್ಯಾ ಇಲ್ಲಿ, ಅಮ್ಮಾವ್ರು ರೇಸಿಗೆ ಹೊರಟಿದ್ದಾರೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೂ ನಾಲ್ಕು ಸಲ ಅಲ್ಲಿಗೆ ಬರಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಹುಡುಗರು ಮನೆಯ ಹಿರಿಯರ ಹೆಸರಿನಲ್ಲಿ ಇಂಥ ಕಾರು ಕೊಂಡು ರಸ್ತೆಯಲ್ಲಿ ಪಂದ್ಯ ಕಟ್ಟುತ್ತಾರೆ, ಅದನ್ನು ತಡೆಯಲು ನೀವು ಹೊಸ ನಿಯಮ ಮಾಡಿದ್ದೀರಿ. ನಿಮ್ಮ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ಅಂಥ ಹುಡುಗರ ರಕ್ತವಾದ ಬಟ್ಟೆಗಳನ್ನು ಒಗೆದ ಕೈ ಇದು. ನಿಮ್ಮ ನಿಯಮದ ಪ್ರಕಾರ ಐವತ್ತು ತುಂಬಿದವರು ವೇಗದ ಕಾರು ಕೊಂಡರೆ (ಎಂಜಿನ್ ಎಷ್ಟೇ ಇರಲಿ, ಸೀಟು ಎರಡೇ ಇದ್ದರೆ ನಿಮಗೆ ಅದು ವೇಗದ ಕಾರೇ) ಹನ್ನೊಂದನೇ ಕಾಲಂ ತುಂಬಲೇಬೇಕು: ‘ಅರ್ಜಿದಾರರೊಂದಿಗೆ ವಾಹನದಲ್ಲಿ ನಿತ್ಯ ಇರುವವರು’. ಹೆಸರು, ಸಂಬಂಧ, ವಯಸ್ಸು. ಖಾಲಿ ಬಿಟ್ಟು ಕೊಟ್ಟೆ, ವಾಪಸು ಬಂತು. ಗೆರೆ ಎಳೆದು ಕೊಟ್ಟೆ, ಗೆರೆ ಎಳೆದರೆ ಏನೋ ಮುಚ್ಚಿಟ್ಟ ಹಾಗಾಗುತ್ತದೆಂದು ವಾಪಸು ಬಂತು. ಮೂರನೇ ಸಲ ಗುಮಾಸ್ತರಿಗೇ ಸಾಕಾಯಿತೋ ಏನೋ, ದನಿ ತಗ್ಗಿಸಿ, “ಅಕ್ಷರದಲ್ಲಿ ಬರೆದುಬಿಡಿ ಅಮ್ಮಾ, ಯಾರೂ ಇಲ್ಲ ಅಂತ. ಕೆಳಗೊಂದು ಸಹಿ ಹಾಕಿ. ಮುಗೀತು” ಎಂದರು.

ನಿಜ, ಬರೆದಿದ್ದರೆ ಅಂದೇ ಮುಗಿಯುತ್ತಿತ್ತು. ಅದಕ್ಕೇ ಇದನ್ನು ಬಚ್ಚಿಡದೆ ಹೇಳುತ್ತಿದ್ದೇನೆ. ಫಾರಂ ಹಿಡಿದು ನಿಮ್ಮ ಕಾರಿಡಾರಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಪಕ್ಕದಲ್ಲಿ ಒಬ್ಬ ಗಂಡಸು ತನ್ನ ಕಾಲಂನಲ್ಲಿ ಐದು ಹೆಸರು ಒತ್ತೊತ್ತಾಗಿ ತುರುಕಿ, ಜಾಗ ಸಾಲದೆ ಅಂಚಿಗೆ ಬಾಣ ಎಳೆಯುತ್ತಿದ್ದ. ‘ಯಾ’ ಎಂದು ಒಂದಕ್ಷರ ಬರೆದೆ. ಕೈ ಮುಂದೆ ಹೋಗಲಿಲ್ಲ.

ಮಾನ್ಯರೇ, ನಾನು ದಿನಾ ಬೆಳಗ್ಗೆ ಎದ್ದು ಕೈಮುಗಿದು, ನೀನು ಜೊತೆಗಿದ್ದೀಯ, ನನಗಷ್ಟು ಸಾಕು ಎಂದು ಹೇಳಿಕೊಳ್ಳುವವಳು. ಮೂರು ವರ್ಷದಿಂದ ಆ ಮನೆಯಲ್ಲಿ ನಾನು ಜೋರಾಗಿ ಆಡುವ ಮಾತು ಅದೊಂದೇ. ಬೆಳಗ್ಗೆ ಹಾಗೆ ಹೇಳಿ, ಮಧ್ಯಾಹ್ನ ಸರ್ಕಾರದ ಕಾಗದದ ಮೇಲೆ ಯಾರೂ ಇಲ್ಲ ಎಂದು ಸಹಿ ಹಾಕಿದರೆ ಎರಡರಲ್ಲಿ ಒಂದು ಸುಳ್ಳಾಗುತ್ತದೆ. ಯಾವುದು ಸುಳ್ಳೆಂದು ಯಾರಾದರೂ ಕೇಳಿಬಿಟ್ಟರೆ ಎಂದು ಹೆದರಿಕೆಯಾಯಿತು. ಆ ‘ಯಾ’ ಹೊಡೆದುಹಾಕಿ ಹೆಸರಿನ ಜಾಗದಲ್ಲಿ ‘ದೇವರು’ ಎಂದು ಬರೆದೆ. ಸಂಬಂಧ ಎಂಬಲ್ಲಿ ‘ಹುಟ್ಟಿದಾಗಿನಿಂದ’ ಎಂದು ಬರೆದೆ. ವಯಸ್ಸಿನ ಜಾಗ ಬಿಟ್ಟೆ. ಗೊತ್ತಿಲ್ಲದ್ದನ್ನು ಬರೆಯಬಾರದಲ್ಲ? ಗುಮಾಸ್ತರು ಓದದೆಯೇ ಮುದ್ರೆ ಒತ್ತಿ, ಕಾರಿನ ತಪಾಸಣೆಗೆ ದಿನ ಕೊಟ್ಟರು. ಕಾಲಂ ತುಂಬಿದೆಯೋ ಇಲ್ಲವೋ ಎಂದು ನೋಡುವವರಿಗೆ ಅದರಲ್ಲಿ ಏನಿದೆಯೆಂಬುದು ಬೇಕಿರಲಿಲ್ಲ.

ತಪಾಸಣೆಯ ದಿನ ಮೆಕ್ಯಾನಿಕ್ ಕಾರನ್ನು ತಂದು ನಿಮ್ಮ ಬಯಲಿನಲ್ಲಿ ನಿಲ್ಲಿಸಿದ. ಇನ್‌ಸ್ಪೆಕ್ಟರು ದೀಪ, ಹಾರ್ನ್, ಹೊಗೆ ಎಲ್ಲ ನೋಡಿದರು. ಪಕ್ಕದ ಸೀಟಿನಲ್ಲಿ ಕೂರಲು ಬಗ್ಗಿದರು, ಅರ್ಧಕ್ಕೇ ನೆಟ್ಟಗಾದರು. ಆಮೇಲೆ ಓಡಿಸೋರನ್ನ ಕರೀರಿ ಎಂದರು. ಮೆಕ್ಯಾನಿಕ್ ನನ್ನ ಕಡೆ ಕೈ ತೋರಿಸಿದ. “ಅವರಲ್ಲಪ್ಪಾ, ನಿಜವಾಗಿ ಓಡಿಸೋರು” ಎಂದರು. ನಾನು ಕೂತು, ಕಾಲು ಒಳಗೆ ಎಳೆದುಕೊಂಡು, ಸ್ಟಾರ್ಟ್ ಮಾಡಿದೆ. ನೆಟ್ಟಿದ್ದ ಕಂಬಗಳ ನಡುವೆ ಮುಂದಕ್ಕೆ ಹೋದೆ. ಅದೇ ದಾರಿಯಲ್ಲಿ ಹಿಂದಕ್ಕೆ ಬಂದೆ. ಒಂದು ಕಂಬವೂ ಅಲ್ಲಾಡಲಿಲ್ಲ. ಬ್ರೇಕು ಹಾಕಿದ್ದು ಹಿಂದೆ ಮಲಗಿದವರಿಗೆ ಗೊತ್ತಾಗುತ್ತಿರಲಿಲ್ಲ, ಆದರೆ ಈ ಕಾರಿನಲ್ಲಿ ಹಿಂದೆ ಮಲಗಲು ಜಾಗವಿಲ್ಲ. ಇನ್‌ಸ್ಪೆಕ್ಟರು ಯಾರು ಕಲಿಸಿದ್ದು ಎಂದು ಕೇಳಿದರು. ನಮ್ಮ ಯಜಮಾನರು ಎಂದೆ. ಹಾಗಾದರೆ ಅವರನ್ನೇ ಕರೆದುಕೊಂಡು ಬರಬೇಕಿತ್ತು ಎಂದರು. ಹೌದು, ಬರಬೇಕಿತ್ತು ಎಂದೆ.

ಅವರು ಬರೆದ ವರದಿಯ ಪ್ರತಿ ನನ್ನಲ್ಲಿದೆ. ‘ವಾಹನ ಸುಸ್ಥಿತಿಯಲ್ಲಿದೆ. ಚಾಲಕರು ಹಾಜರಿಲ್ಲ.’

ಹಾಗಾದರೆ ಆ ಕಂಬಗಳ ನಡುವೆ ಹಿಂದೆ ಮುಂದೆ ಹೋದದ್ದು ಯಾರು? ಹನ್ನೊಂದನೇ ಕಾಲಂನಲ್ಲಿ ಬರೆದವನೇ ಬಂದು ಸ್ಟೀರಿಂಗ್ ಹಿಡಿದನೆಂದು ನೀವು ಒಪ್ಪುವುದಾದರೆ ನನ್ನ ಮಾಹಿತಿ ನಿಜವಾಯಿತು, ನೋಟಿಸು ವಾಪಸು ತೆಗೆದುಕೊಳ್ಳಿ. ಅವನು ಬಂದಿಲ್ಲವೆನ್ನುವುದಾದರೆ ಓಡಿಸಿದವಳು ನಾನೇ, ವರದಿ ತಿದ್ದಿ. ಎರಡೂ ಆಗದು ಎನ್ನಲು ನಿಮ್ಮ ಕಚೇರಿಗೆ ಮಾತ್ರ ಸಾಧ್ಯ.

ಎಲ್ಲ ಬಿಟ್ಟು ಎರಡು ಸೀಟಿನ ಕಾರನ್ನೇ ಏಕೆ ಕೊಂಡಿರಿ ಎಂದು ನೋಟಿಸಿನ ಕೊನೆಗೆ ಕೇಳಿದ್ದೀರಿ. ಕಡಿಮೆಗೆ ಸಿಕ್ಕಿತು ಎಂಬುದು ಅರ್ಧ ಉತ್ತರ. ಇನ್ನರ್ಧವನ್ನು ಮೆಕ್ಯಾನಿಕ್‌ಗೂ ಹೇಳಿಲ್ಲ. ಆ ಬಿಳಿ ಕಾರಿನಲ್ಲಿ ಕೂತು ಪಕ್ಕಕ್ಕೂ, ಕನ್ನಡಿಯಲ್ಲಿ ಹಿಂದಕ್ಕೂ ನೋಡಿದಾಗ, ನನ್ನದು ಬಿಟ್ಟು ಇನ್ನೂ ನಾಲ್ಕು ಜನರ ಜಾಗ ಕಂಡಿತು. ಅಷ್ಟೂ ಖಾಲಿಯನ್ನು ಹೊತ್ತುಕೊಂಡು ದಿನಾ ಹದಿಮೂರು ಕಿಲೋಮೀಟರ್ ಹೋಗಬೇಕಲ್ಲ ಅನ್ನಿಸಿತು. ಇದರಲ್ಲಿ ಖಾಲಿಯಿರುವುದು ಒಂದೇ. ಒಂದು ಸೀಟಿನ ಖಾಲಿಯನ್ನು ನಾನು ಹೇಗೋ ಸಂಭಾಳಿಸುತ್ತೇನೆ. ಮೂರು ವರ್ಷದಿಂದ ರೂಢಿಯಾಗಿದೆ.

ಬ್ಯಾಟರಿ ಸಾಯಬಾರದೆಂದು ದಿನಾ ಸಂಜೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಕೂರುತ್ತೇನೆ. ಅಷ್ಟು ತಗ್ಗಿನಿಂದ ನೋಡಿದರೆ ನನ್ನದೇ ಬಾಗಿಲು ಯಾರೋ ದೊಡ್ಡವರ ಮನೆಯದಂತೆ ಕಾಣುತ್ತದೆ. ಮೊದಲ ದಿನ ಊಟದ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಿದ್ದೆ. ಕಾರು ಕೂಗಿಕೊಳ್ಳತೊಡಗಿತು. ಏನೋ ಕೆಟ್ಟಿತೆಂದು ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನು ಮಾಡಿದೆ. “ಏನಿಲ್ಲ ಅತ್ತಿಗೇ. ಸೀಟಿನ ಮೇಲೆ ಭಾರ ಬಿತ್ತಲ್ಲ, ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅಂದ್ಕೊಂಡಿದೆ. ಬೆಲ್ಟು ಹಾಕ್ರಿ ಅಂತ ಹೇಳ್ತಿದೆ ಅಷ್ಟೇ. ಚೀಲ ತೆಗೀರಿ” ಎಂದ. ನಾನು ಚೀಲ ತೆಗೆಯಲಿಲ್ಲ. ಬೆಲ್ಟು ಎಳೆದು ಅದಕ್ಕೆ ಹಾಕಿದೆ. ಕಾರು ಸಮಾಧಾನವಾಯಿತು. ನೋಡಿ, ಒಂದು ಯಂತ್ರ ಕೂಡ ಪಕ್ಕದಲ್ಲಿ ಯಾರೋ ಇದ್ದಾರೆಂದು ನನ್ನ ಪರವಾಗಿ ನಂಬಿತು. ಸಾಕ್ಷಿ ತನ್ನಿ, ಸಹಿ ಹಾಕಿಸಿ ಎನ್ನಲಿಲ್ಲ.

ಈಗ ನನ್ನ ಬೇಡಿಕೆ. ತಿಂಗಳು ಮುಗಿಯಲು ಇನ್ನು ಹನ್ನೊಂದು ದಿನವಿದೆ. ಅಷ್ಟರೊಳಗೆ ಕಾರನ್ನು ನನ್ನ ಹೆಸರಿಗೆ ಮಾಡಿಕೊಡಿ. ಇನ್‌ಸ್ಪೆಕ್ಟರ ವರದಿಯಲ್ಲಿ ಒಂದೇ ಪದ ತಿದ್ದಿಸಿ, ಚಾಲಕರು ಹಾಜರಿದ್ದರು ಎಂದು. ಹುಡುಗರನ್ನು ಹಿಡಿಯಲು ಹೆಣೆದ ಬಲೆಯಲ್ಲಿ ಒಂಟಿ ಹೆಂಗಸರು ಸಿಕ್ಕಿಬೀಳದಂತೆ ಆ ಕಾಲಂಗೆ ಬೇರೆ ದಾರಿ ಹುಡುಕಿ.

ಇಲ್ಲ, ನಿಯಮ ನಿಯಮವೇ, ದೇವರ ಹೆಸರು ಹೊಡೆದುಹಾಕಲೇಬೇಕು ಎನ್ನುವಿರಾದರೆ ಕರೆಯಿರಿ, ಬರುತ್ತೇನೆ. ನನಗೆ ಕೆಲಸ ಬೇಕು, ಅಲ್ಲಿ ಮಲಗಿದವರಿಗೆ ಒಣ ಹೊದಿಕೆ ಬೇಕು, ಅದಕ್ಕಿಂತ ನನ್ನ ಹಟ ದೊಡ್ಡದಲ್ಲ. ಆದರೆ ಒಂದು ಮಾತು. ‘ಯಾರೂ ಇಲ್ಲ’ ಎಂಬ ಆ ಎರಡು ಪದಗಳನ್ನು ನನ್ನ ಕೈಯಲ್ಲಿ ಬರೆಸಬೇಡಿ. ನಿಮ್ಮ ಮೇಜಿನ ಎದುರು ನನ್ನನ್ನು ಕೂರಿಸಿಕೊಂಡು, ನನ್ನ ಮುಖ ನೋಡಿ, ನಿಮ್ಮ ಪೆನ್ನಿನಿಂದ ನೀವೇ ಬರೆಯಿರಿ. ನಾನು ಕೆಳಗೆ ಸಹಿ ಹಾಕುತ್ತೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಹಾಜರಿಲ್ಲದ,
ದಿನಾ ಸಂಜೆ ಐದು ನಿಮಿಷ ಅಂಗಳದಲ್ಲಿ ಸ್ಟೀರಿಂಗ್ ಹಿಡಿದು ಕೂತಿರುವ,
ಆಸ್ಪತ್ರೆಯ ಬಟ್ಟೆ ಒಗೆಯುವವಳು