ಮೂವತ್ತೊಂದನೇ ಮಹಡಿಯಿಂದ ಲಾಡ್ಲೇಸಾಹೇಬರಿಗೆ

ಹತ್ತಿಬಾವಿ ಓಣಿ, ವಿಜಯಪುರ
ಫೆಬ್ರವರಿ ಮೂವತ್ತು, ೨೧೬೩

ಮುತವಲ್ಲಿ ಲಾಡ್ಲೇಸಾಹೇಬ ಪಟವೇಗಾರ ಅವರಿಗೆ,

ಅಸ್ಸಲಾಮು ಅಲೈಕುಮ್, ಅಜ್ಜಾ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಮಾಡಿದ್ದಾರೆ, ಬಾಡಿಗೆ ವಸೂಲಿಗೆ ಅನುಕೂಲವಂತೆ. ನನ್ನ ಕನ್ನಡವನ್ನೂ ಕ್ಷಮಿಸಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು ನಾನು. ಅರ್ಧ ಇಂಗ್ಲಿಷ್, ಅರ್ಧ ಊಟದ ಸಾಲಿನಲ್ಲಿ ಕಲಿತ ಮಾತು. ಹೆಸರು ಅತಿಯಾ, ಡಿಗ್ರಿ ಮೊದಲ ವರ್ಷ. ನಿಮ್ಮ ವಂಶದವಳೇ, ಎಣಿಸಿದರೆ ಆರನೇ ತಲೆಮಾರೋ ಏಳನೆಯದೋ ಆಗುತ್ತದೆ. ನೀವು ನೋಡಿಕೊಳ್ಳುತ್ತಿರುವ ಸುಗ್ರಾಬಿ ವಕ್ಫ್‌ನ ಹಾಸ್ಟೆಲ್‌ನಲ್ಲಿ ಇರುತ್ತೇನೆ. ಈ ಹಾಸ್ಟೆಲ್ ಇರಬೇಕೋ ಹೋಗಬೇಕೋ ಎಂದು ಇವತ್ತು ಬೆಳಿಗ್ಗೆ ನನ್ನನ್ನೇ ಕೇಳಿದರು. ನಾನು ಏನಂದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನೀವು ಮುಂದೆ ಓದಲಿಕ್ಕಿಲ್ಲ.

ಇದನ್ನು ಬರೆಯುತ್ತಿರುವುದು ನೆರಳುಗಂಟೆಯಲ್ಲಿ. ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಬಿಸಿಲಿಗೆ ಬರಬಾರದು ಎಂಬ ಕಾನೂನಿದೆ, ಆ ಹೊತ್ತಿಗೆ ಹಾಗೆನ್ನುತ್ತೇವೆ. ಊರೆಲ್ಲ ಒಳಗೆ ತಂಪಾಗಿ ಮಲಗಿರುತ್ತದೆ. ನಾವು ಆರು ಹುಡುಗಿಯರು ತಾರಸಿಯ ಮೇಲೆ, ನೀರಿನ ಟಾಕಿಗಳ ಸಂದಿಯಲ್ಲಿರುವ ತಗಡಿನ ಕೋಣೆಗಳಲ್ಲಿ, ಒದ್ದೆ ಚಾದರ ಇಳಿಬಿಟ್ಟು ಕೂತಿರುತ್ತೇವೆ. ಟಾಕಿ ತುಂಬುವ ಸದ್ದು ಕೇಳಿದರೆ ಎದ್ದು ಹೋಗಿ ಅದಕ್ಕೆ ಬೆನ್ನು ಹಚ್ಚಿ ನಿಲ್ಲುತ್ತೇವೆ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಕೆಳಗೆ ಮೂವತ್ತು ಮಹಡಿ ಅಂಗಡಿ, ಆಫೀಸು, ಕ್ಲಿನಿಕ್ಕು. ಎಲ್ಲವೂ ಸುಗ್ರಾಬಿಯ ಹೆಸರಿನಲ್ಲೇ. ಲಿಫ್ಟ್‌ಗಳು ನಾಲ್ಕಿವೆ, ಆದರೆ ಬಾಡಿಗೆದಾರರ ಅಂಗೈ ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತವೆ. ನಾವು ಬಾಡಿಗೆ ಕೊಡುವವರಲ್ಲ, ನಾವು ಫಲಾನುಭವಿಗಳು. ನಮ್ಮ ಪಾಲಿಗೆ ಮೆಟ್ಟಿಲು, ಆರುನೂರ ಇಪ್ಪತ್ತು.

ದಾಖಲೆಗಳ ತಗಡಿನ ಪೆಟ್ಟಿಗೆ ಈಗ ನಮ್ಮ ಅಡುಗೆಮನೆಯಲ್ಲಿದೆ. ಆಫೀಸಿನಲ್ಲಿ ಜಾಗವಿಲ್ಲವೆಂದು ಮೇಲೆ ಕಳಿಸಿದರು, ಅಕ್ಕಿ ಡಬ್ಬಿಯ ಪಕ್ಕ ಇಟ್ಟಿದ್ದೇವೆ. ಸುಗ್ರಾಬಿಯ ವಕ್ಫ್‌ನಾಮೆಯನ್ನು, ಆಕೆ ಬರೆಸಿದ ದಾನಪತ್ರವನ್ನು, ನಾನು ಓದಿದ್ದು ಅಲ್ಲೇ. ನಿಮಗದು ಬಾಯಿಪಾಠವೇ ಇರಬೇಕು. ಆಕೆಯ ಮಗಳು ಬತೂಲಳಿಗೆ ಒಂದು ಕಾಲು ಸ್ವಾಧೀನವಿರಲಿಲ್ಲ. ಟ್ರೇನಿಂಗ್ ಶಾಲೆಗೆ ಸೇರಲೆಂದು ಊರೆಲ್ಲ ಹುಡುಕಿದರೂ ಅವಳಿಗೆ ಮೆಟ್ಟಿಲಿಲ್ಲದ ಕೋಣೆ ಸಿಗಲಿಲ್ಲ, ಹುಡುಗಿ ವಾಪಸ್ಸು ಹೋಗಿ ಮನೆಯಲ್ಲೇ ಕೂತಳು. ಅದಕ್ಕೇ ತಾಯಿ ರಸ್ತೆಯ ಮೇಲಿನ ತನ್ನ ಆರು ಕೋಣೆಗಳನ್ನು ದೇವರ ಹೆಸರಿನಲ್ಲಿ ಬಿಟ್ಟುಕೊಟ್ಟಳು. ಷರತ್ತು ಹಾಕಿದ್ದು ಒಂದೇ: "ಹುಡುಗಿಯರ ಕೋಣೆಯ ಬಾಗಿಲು ನೆಲಕ್ಕಿರಲಿ. ಒಳಗೆ ಬರಲು ಯಾರೂ ಕಾಲೆತ್ತುವಂತಾಗಬಾರದು."

ಅದರ ಕೆಳಗೇ ನಿಮ್ಮ ಠರಾವಿದೆ, ಒಂದು ಶುಕ್ರವಾರ ಸಹಿ ಮಾಡಿದ್ದು. ನಿಮ್ಮನ್ನು ಕಳ್ಳರೆಂದು ನಾನು ಹೇಳಲಾರೆ, ಹೇಳುವಂತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಲವತ್ತು ವರ್ಷದಿಂದ ಅದೇ ಬಾಡಿಗೆ, ಸೋರುವ ಮಾಳಿಗೆ, ಹಿತ್ತಲ ಗೋಡೆ ಸರಿಸುತ್ತ ಬಂದ ನೆರೆಯವರು. ನೀವು ಬರೆದದ್ದೆಲ್ಲ ನಿಜವೇ ಇರಬೇಕು. ಮೀಟಿಂಗಿನ ಚಹಾ ಕೂಡ ನಿಮ್ಮ ಮನೆಯಿಂದಲೇ ಹೋಗುತ್ತಿತ್ತೆಂದು ಅದರಲ್ಲಿದೆ. ಕಟ್ಟಡ ಬೇಕಿತ್ತು, ಆದಾಯವೂ ಬೇಕಿತ್ತು. ಆದರೆ ರಸ್ತೆಗಂಟಿದ ಕೋಣೆಗೆ ಅಂಗಡಿಯವರು ಹೆಚ್ಚು ಬಾಡಿಗೆ ಕೊಡುತ್ತಾರೆಂದು ನೀವು ಹೀಗೆ ಬರೆದಿರಿ: "ಎರಡು ವರ್ಷದ ಮಟ್ಟಿಗೆ ಹುಡುಗಿಯರು ಮೊದಲ ಮಹಡಿಗೆ ಹೋಗುವುದು. ಆದಾಯ ಹೆಚ್ಚಿದ ಕೂಡಲೇ ಅವರನ್ನು ಕೆಳಗೆ ತರುವುದು."

ಆದಾಯ ಹೆಚ್ಚಿತು ಅಜ್ಜಾ. ಹೆಚ್ಚಿದ ಆದಾಯದಲ್ಲಿ ಇನ್ನೆರಡು ಮಹಡಿ ಎಬ್ಬಿಸಿದರು. ಮೊದಲ ಮಹಡಿಗೂ ಒಳ್ಳೆಯ ಬಾಡಿಗೆ ಬರುತ್ತದೆಂದು ಹುಡುಗಿಯರು ಮೂರಕ್ಕೆ ಹೋದರು, ಎರಡು ವರ್ಷದ ಮಟ್ಟಿಗೆ. ಆಮೇಲೆ ಏಳಕ್ಕೆ, ಹನ್ನೊಂದಕ್ಕೆ. ನಡುವೆ ಎರಡು ಸಲ ಕೆಡವಿ ಮತ್ತೆ ಕಟ್ಟಿದರು. ಎಷ್ಟೋ ಮುತವಲ್ಲಿಗಳು ಬಂದು ಹೋದರು. ಆ ಪದವೂ ಹೋಯಿತು, ಈಗ ಮ್ಯಾನೇಜ್‌ಮೆಂಟ್ ಅನ್ನುತ್ತೇವೆ. ನಿಮ್ಮ ವಾಕ್ಯ ಮಾತ್ರ ಹೋಗಲಿಲ್ಲ. ಪ್ರತಿ ಠರಾವಿನಲ್ಲೂ ನಿಮ್ಮದೇ ಎರಡು ವರ್ಷ, ಒಂದಕ್ಷರ ಬದಲಾಗಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದಿರಿ.

ಕಳೆದ ಜೂನ್‌ನಲ್ಲಿ ಸಿಂದಗಿಯಿಂದ ಮಹಜಬೀನ್ ಬಂದಳು. ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಕೋಲು, ನಾಲಿಗೆ ಮಾತ್ರ ಚೂರಿ. ನಾವು ನಾಲ್ವರು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ಹತ್ತೊಂಬತ್ತನೇ ಮಹಡಿಯಲ್ಲಿ ಎಲ್ಲರಿಗೂ ಏದುಸಿರು, ಅವಳೊಬ್ಬಳು ಆರಾಮಾಗಿ ಕೂತು ಕೇಳಿದಳು: "ಏ ಅತಿಯಾ, ನಾ ಇಲ್ಲಿ ಓದಾಕ ಬಂದೀನೋ, ಗೋಳಗುಮ್ಮಟ ಹತ್ತಾಕ ಬಂದೀನೋ? ಅಲ್ಲಿ ಟಿಕೆಟ್ ತಗೊಂಡ್ರ ಮ್ಯಾಲ ಹೋಗಿ ಕೂಗಬಹುದು. ಇಲ್ಲಿ ಕೂಗಿದ್ರ ಯಾರಿಗಿ ಕೇಳಸ್ತೈತಿ?" ನಕ್ಕು ನಕ್ಕು ಕುರ್ಚಿ ಜಾರಿ ಬೀಳುವುದರಲ್ಲಿತ್ತು.

ಆರು ತಿಂಗಳಾದ ಮೇಲೆ ನಗು ಮುಗಿಯಿತು. ದಿನಾ ಹೊರಲು ನಮಗೆ ಆಗಲಿಲ್ಲ. ವಾರಕ್ಕೆ ಎರಡು ಸಲ ಇಳಿದಳು, ಆಮೇಲೆ ಒಂದು ಸಲ. ಅವಳಿಗಾದರೂ ಲಿಫ್ಟ್ ತೆರೆಯಿರಿ ಎಂದು ಅರ್ಜಿ ಕೊಟ್ಟೆವು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಅವಳು ಊರಿಗೆ ಹೋದ ಮೇಲೆ ಬಂತು. ಅಟೆಂಡೆನ್ಸ್ ಕಡಿಮೆಯೆಂದು ಕಾಲೇಜಿನವರು ಹೆಸರು ತೆಗೆದಿದ್ದರು. ಹೋಗುವ ದಿನ ಹಾಸಿಗೆ ಸುತ್ತಿ ಮೂಲೆಗಿಟ್ಟು ಅವಳು ನನಗೆ ಹೇಳಿದ್ದಿಷ್ಟೇ: "ಕೆಳಗ ಕೋಣಿ ಆದ ದಿನ ಒಂದ್ ಪತ್ರ ಹಾಕು. ಅವತ್ತ ಬಸ್ ಹತ್ತತೀನಿ."

ಈಗ ತಾರಸಿಗೂ ಗಿರಾಕಿ ಬಂದಿದ್ದಾರೆ. ಹಾರುಬಂಡಿಗಳು ಇಳಿಯಲು ಜಾಗ ಬೇಕಂತೆ, ನಿಮ್ಮ ಕಾಲದ ರಿಕ್ಷಾಗಳಿದ್ದ ಹಾಗೆ ಅವು, ರಸ್ತೆ ಬೇಡ ಅಷ್ಟೇ. ತಾರಸಿಯ ಮೇಲೆ ಇನ್ನು ಮಹಡಿ ಇಲ್ಲ, ಹಾಗಾಗಿ ಈ ಸಲ ಹಾಸ್ಟೆಲ್ಲನ್ನೇ ಎರಡು ವರ್ಷ ಮುಚ್ಚುವುದೆಂದು ಬರೆದಿದ್ದಾರೆ. ಇದಕ್ಕೆ ಫಲಾನುಭವಿಗಳ ಬಾಯೊಪ್ಪಿಗೆ ಬೇಕು. ಸಹಿಯನ್ನು ಯಾರೂ ನಂಬದ ಕಾಲವಿದು, ಒಬ್ಬರು ಎಲ್ಲರ ಪರವಾಗಿ ಬಾಯಿಬಿಟ್ಟು ಹೂಂ ಅನ್ನಬೇಕು, ಯಂತ್ರ ಅದನ್ನು ಹಿಡಿದಿಡುತ್ತದೆ. ಹೂಂ ಸಿಗದಿದ್ದರೆ ಠರಾವು ಬಿದ್ದುಹೋಗುತ್ತದೆ. ಚೀಟಿ ಎತ್ತಿದಾಗ ನನ್ನ ಹೆಸರು ಬಂತು.

ಬೆಳಿಗ್ಗೆ ಮೂರನೇ ಮಹಡಿಯ ಆಫೀಸಿಗೆ ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ "ಇಲ್ಲ, ಇಲ್ಲ" ಎಂದು ರೂಢಿ ಮಾಡಿಕೊಂಡೇ ಇಳಿದೆ. ಕಾರ್ಯದರ್ಶಿ ಝಕಿಯಾ ಮೇಡಂ ಗದರಿಸಿದ್ದರೆ ಅಂದುಬಿಡುತ್ತಿದ್ದೆನೇನೋ. ಅವರು ಖರ್ಜೂರ ಕೊಟ್ಟರು, ಕಾಲು ನೋಯುತ್ತಿದೆಯಾ ಎಂದು ಕೇಳಿದರು, ಹತ್ತಿರ ಕೂರಿಸಿಕೊಂಡರು. "ಎರಡ ವರ್ಷದ ಮಾತ ಐತಿ, ಬೇಟಾ. ಆಮ್ಯಾಲ ನಿಮ್ಮನ್ನ ಕೆಳಗ ತರ್ತೀವಿ. ನಿಂದೊಂದ್ ಸೀಟ್ ಬಾಗಲಕೋಟಿ ಹಾಸ್ಟೆಲ್‌ನಾಗ ಹೇಳೀನಿ, ಪಕ್ಕಾ. ಉಳಿದವರದ್ದ ನೋಡೂಣು."

ಕೋಣೆಯಲ್ಲಿ ಎ.ಸಿ. ಇತ್ತು. ಸೀಟಿಲ್ಲದಿದ್ದರೆ ನಾನು ಹೋಗುವುದಾದರೂ ಎಲ್ಲಿಗೆ? ಅಪ್ಪ-ಅಮ್ಮನ ಮನೆಯೆಂದು ನನಗೆ ಇದ್ದದ್ದೇ ಹಾಸ್ಟೆಲ್ಲು.

ಹೂಂ ಅಂದೆ, ಅಜ್ಜಾ. ಗಟ್ಟಿಯಾಗಿ ಹೇಳಲು ಯಂತ್ರ ಕೇಳಿತು, ಇನ್ನೊಮ್ಮೆ ಗಟ್ಟಿಯಾಗಿ ಅಂದೆ.

ಮೇಲೆ ಬಂದಾಗ ಅಡುಗೆಯ ಖಾತೂನ್ ಖಾಲಾ ರೊಟ್ಟಿ ಬಡಿಯುತ್ತಿದ್ದರು. ಏನಾಯಿತೆಂದು ಕೇಳಿದರು. ಎರಡು ವರ್ಷವಂತೆ ಎಂದೆ. ಅವರು ತಲೆ ಎತ್ತಲಿಲ್ಲ. "ನಾ ಇಲ್ಲಿಗಿ ಬಂದಾಗ ಹದಿನೆಂಟನೇ ಮಹಡ್ಯಾಗ ಇದ್ದಿವಿ," ಎಂದರು, "ಅವಾಗೂ ಎರಡ ವರ್ಷನ." ನನ್ನ ಪಾಲಿನ ಎರಡು ರೊಟ್ಟಿಯನ್ನು ಮಾಮೂಲಿನಂತೆ ತಟ್ಟೆಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ನಿಮ್ಮ ಕಾಲದಲ್ಲಿ ಆ ಶುಕ್ರವಾರ ಇನ್ನೂ ಬಂದಿಲ್ಲ ಎಂದುಕೊಳ್ಳುತ್ತೇನೆ. ನೀವು ಸಹಿ ಮಾಡುವುದು ನಮಾಜು ಮುಗಿದ ಮೇಲೆ, ಠರಾವಿನಲ್ಲಿ ವೇಳೆ ಕೂಡ ಬರೆದಿದೆ. ಕಟ್ಟಿರಿ, ಎಷ್ಟು ಮಹಡಿ ಬೇಕೋ ಅಷ್ಟು ಕಟ್ಟಿರಿ, ಬಾಡಿಗೆಯನ್ನೂ ಕಟ್ಟುನಿಟ್ಟಾಗಿ ವಸೂಲು ಮಾಡಿರಿ. ರಸ್ತೆಯ ಮೇಲಿನ ಆ ಆರು ಕೋಣೆಗಳನ್ನು ಮಾತ್ರ ಮೊದಲು ಹುಡುಗಿಯರಿಗೆ ಕೊಟ್ಟು, ಬೀಗದ ಕೈ ಅವರ ಕೈಗಿಟ್ಟು, ಆಮೇಲೆ ಪೆನ್ನು ಎತ್ತಿರಿ. ಯಾರಾದರೂ ನಿಮ್ಮನ್ನು ಹತ್ತಿರ ಕೂರಿಸಿಕೊಂಡು ಎರಡು ವರ್ಷ ಎಂದರೆ ಎದ್ದು ಹೊರಗೆ ಹೋಗಿಬಿಡಿ. ಕೂತರೆ ಮುಗಿಯಿತು, ನನಗೆ ಗೊತ್ತು.

ಈ ಪತ್ರ ನಿಮಗೆ ಹೇಗೆ ತಲುಪಬೇಕೋ ತಿಳಿಯದು. ಪೆಟ್ಟಿಗೆಯಲ್ಲಿ ನಿಮ್ಮ ಠರಾವಿನ ಕೆಳಗೆ ಇಡುತ್ತೇನೆ. ಮಹಜಬೀನಳ ಹಾಸಿಗೆ ಇನ್ನೂ ಮೂಲೆಯಲ್ಲೇ ಇದೆ, ಸೋಮವಾರ ತೆಗೆಯುತ್ತಾರೆ. ನಿಜ ಹೇಳಬೇಕೆಂದರೆ ಈ ಕಾಗದ ತಂದದ್ದು ಅವಳಿಗೆ ಬರೆಯಲೆಂದು. ಮೇಲೆ ಅವಳ ಹೆಸರು ಬರೆದೆ, ಕೆಳಗೆ ಕೋಣೆ ಆಯಿತೆಂದು ಬರೆಯುವಂತಿರಲಿಲ್ಲ. ಆ ಹೆಸರು ಹೊಡೆದುಹಾಕಿ ನಿಮ್ಮದು ಬರೆದೆ.

ನಿಮ್ಮವಳೇ,
ಅತಿಯಾ