ಪರತ

11-3-2014, ಮಂಗಳವಾರ

ಬೆಳಿಗ್ಗೆಯಿಂದ ಪಾಸ್‌ಪೋರ್ಟ್ ಫೋಟೊ. ಉಗಾರದ ಕಾರ್ಖಾನೆಯ ಹೊಸ ಗೇಟ್‌ಪಾಸಿಗೆ ನಲವತ್ತು ಮಂದಿ. ಕತ್ತರಿಸಿ ಕತ್ತರಿಸಿ ಹೆಬ್ಬೆರಳು ಕೆಂಪಾಗಿದೆ.

ಹನ್ನೊಂದಕ್ಕೆ ನೀಲಮಕ್ಕ ಬಂದಳು. ಮೂರು ವರ್ಷದ ಹಿಂದೆ ಅವಳ ಲಗ್ನದ ವಿಡಿಯೊ ತೆಗೆದದ್ದು ನಮ್ಮ ಸ್ಟುಡಿಯೊ. ಸಿಡಿ, ಆಲ್ಬಮ್ ಎರಡೂ ಗಂಡನ ಮನೆಯಲ್ಲಿ ಉಳಿದಿವೆ. ಆ ಗಂಡ ವಿಕ್ರಾಂತ ಈಗ ರಾಯಬಾಗದಲ್ಲಿ ಬೇರೆ ಹುಡುಗಿ ನೋಡಿದ್ದಾನೆ. ಇವಳೊಂದಿಗೆ ಲಗ್ನವೇ ಆಗಿಲ್ಲ ಅಂತ ಕೋರ್ಟಿನಲ್ಲಿ ಹೇಳಿದ್ದಾನಂತೆ.

“ಬರೇ ಸಾಖರಪುಡಾ, ನಿಶ್ಚಿತಾರ್ಥ ಆಗಿತ್ತು, ಅದೂ ಮುರಿದೇತಿ ಅಂತಾನ. ನಮ್ಮ ಬಳಗದವರ ಮಾತ ನಡ್ಯಾಂಗಿಲ್ಲಂತ ವಕೀಲರು ಅಂದ್ರು. ಇಪ್ಪತ್ನಾಲ್ಕಕ್ಕ ಅಥಣ್ಯಾಗ ತಾರೀಖ ಐತಿ. ಬೌದ್ಧ ಪದ್ಧತಿಯಂಗ ಭಂತೇಜಿ ಮುಂದ ಐದ ಪ್ರತಿಜ್ಞೆ ಮಾಡಿದ್ದು ವಿಡಿಯೋದಾಗ ಐತೆಲ್ಲಾ?”

“ಐತಿ ತಗೋ,” ಅಂದರು ಮಾಲಕ ಭೀಮಗೊಂಡಣ್ಣ. ಹಳೆಯ ಹಾರ್ಡ್ ಡಿಸ್ಕ್ ಹಚ್ಚಿದರು.

ಟಕ್… ಟಕ್… ಟಕ್. ಫಾರ್ಮ್ಯಾಟ್ ಮಾಡಲೇ ಅಂತ ಕಂಪ್ಯೂಟರ್ ಕೇಳಿತು. ಅಣ್ಣನ ಕೈ ಮೌಸಿನ ಮೇಲಿತ್ತು. ನಾನು ವೈರ್ ಕಿತ್ತೆ.

13-3, ಗುರುವಾರ

ನಿಪ್ಪಾಣಿಯಿಂದ ಈಶ್ವರ ಬಂದಿದ್ದ. ಕಂಪ್ಯೂಟರ್ ರಿಪೇರಿಯವನು, ಕೊಲ್ಹಾಪುರದಲ್ಲಿ ಕಲಿತವನು. ಮನೆಮಾತು ಮರಾಠಿ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ.

“ವಿಂಡೋಜ ಬಡದ ಬಡದ ಕೇಳತೈತಿ ಸರಿತಾ. ಇದು ಹಂಗಲ್ಲ. ಡಿಸ್ಕ ಕೊಟ್ಟಷ್ಟ ತಗೋತೈತಿ, ಕೊಡದಿದ್ದದ್ದ ಬಿಟ್ಟ ಮುಂದ ಹೊಕ್ಕೈತಿ.”

ಡಿಸ್ಕಿನದನ್ನೆಲ್ಲ ನಕಲು ಮಾಡಲು ಟೈಪ್ ಮಾಡಬೇಕಾದ ಒಂದು ಸಾಲು ಕಾಗದದ ಮೇಲೆ ಬರೆದುಕೊಟ್ಟ. ಮೊದಲು ಕೆಟ್ಟ ಡಿಸ್ಕಿನ ಹೆಸರು, ಆಮೇಲೆ ನಕಲು ಬೀಳುವ ಫೈಲಿನ ಹೆಸರು, ಕೊನೆಗೆ ಮ್ಯಾಪ್ ಅಂತ ಒಂದು. ಎಷ್ಟು ಓದಿದೆ, ಎಲ್ಲಿ ಓದಿಲ್ಲ ಅಂತ ಅದು ಅದರಲ್ಲೇ ಬರೆದಿಟ್ಟುಕೊಳ್ಳುತ್ತದಂತೆ. ಏಳನೆಯ ಇಯತ್ತೆಯಲ್ಲಿ ಕಲಿತ ಎಬಿಸಿಡಿ ಸಾಕಾಯಿತು. ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಓಡುತ್ತಿದೆ.

15-3, ಶನಿವಾರ

ನೂರಕ್ಕೆ 71 ನಕಲಾಗಿದೆ. ಎರಡು ಸಲ ಕರೆಂಟ್ ಹೋಯಿತು. ಬಂದ ಕೂಡಲೆ ಅದೇ ಸಾಲು ಹೊಡೆದೆ, ನಿಂತಲ್ಲಿಂದ ಮುಂದೆ ಹೋಯಿತು. ಡಿಸ್ಕ್ ಸುಡುತ್ತಿದೆ. ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿಟ್ಟೆ.

“ಗಿರಾಕಿಗೆ ಗಾಳಿ ಇಲ್ಲ, ಡಬ್ಬಿಗೆ ಫ್ಯಾನು,” ಅಂದರು ಅಣ್ಣ. ತೆಗೆಯಲಿಲ್ಲ ಮಾತ್ರ.

17-3, ಸೋಮವಾರ, 11.20

ತಾನೇ ನಿಂತಿತು. 96.2. ಉಳಿದದ್ದು ಓದಲಾಗಿಲ್ಲ. ಲಗ್ನ ಅದರಲ್ಲೇ ಇದ್ದರೆ…

ಈಶ್ವರನಿಗೆ ಫೋನ್ ಮಾಡಿದೆ. ಬಸ್ಸಿನಲ್ಲಿದ್ದ. ಗದ್ದಲ.

“ಉಳಿದದ್ದಕ್ಕ ಪರತ ಮಾಡ.”

“ಪರತ?”

“ಹೂಂ ಬೇ, ಪರತ, ಪರತ—” ಕಟ್ಟಾಯಿತು.

ಪರತ. ತಂದ ಸೀರೆ ಸೇರದಿದ್ದರೆ ಅಂಗಡಿಗೆ ಪರತ ಕೊಡುತ್ತೇವೆ. ಬಂದ ಕಡೆಗೇ ತಿರುಗಿಸುವುದು. ಎರಡು ಹೆಸರು ಅದಲು ಬದಲು ಮಾಡಿದೆ. ಮೊದಲು ನಕಲು, ಆಮೇಲೆ ಡಿಸ್ಕ್. ಉದ್ದ ಇಂಗ್ಲಿಷ್ ಸಾಲು ಬಂತು. ಫೋರ್ಸ್ ಅನ್ನುವುದೊಂದು ತಿಳಿಯಿತು. ಜೋರು ಬೇಕೆನ್ನುತ್ತದೆ ಅಂದುಕೊಂಡು ಅದನ್ನೂ ಸೇರಿಸಿದೆ.

ಓಡಿತು. ಟಕ್ ಟಕ್ ಇಲ್ಲ. ಆರು ದಿನದಲ್ಲಿ ಮೊದಲ ಸಲ ಡಿಸ್ಕ್ ಸುಮ್ಮನಿದೆ. ಚಹಾ ಕುಡಿದೆ.

ಅದೇ ದಿನ, 12.10

ಈಶ್ವರನ ಫೋನ್.

“ಪರತ ಮಾಡೀನ್ರಿ. ಈಗ ಸಪ್ಪಳಿಲ್ಲ,” ಅಂದೆ.

“ಏನ ಟೈಪ ಮಾಡೀದಿ? ಓದ.”

ಓದಿದೆ.

“ವೈರ ಕೀಳ. ಮದ್ಲ ಕೀಳ.”

ಕಿತ್ತೆ.

“ಪರತ ಅಂದ್ರ ಮತ್ತೊಮ್ಮೆ ಮಾರಾಯ್ತಿ. ಮತ್ತೊಮ್ಮೆ ಓಡಿಸ ಅಂದೆ.”

“ನಮ್ಮ ಕಡೆ ಪರತ ಅಂದ್ರ…”

ಓದದೆ ಉಳಿದ ಜಾಗ ನಕಲಿನಲ್ಲಿ ಖಾಲಿ ಇತ್ತು. ಆ ಖಾಲಿಯನ್ನೇ ಒಯ್ದು ಡಿಸ್ಕಿನ ಮೇಲೆ ಬರೆದಿದ್ದೇನೆ. ಯಾವುದು ಇನ್ನೂ ಬರಬೇಕಾಗಿತ್ತೋ, ಮ್ಯಾಪ್ ತೋರಿಸಿದಂತೆ ಸರಿಯಾಗಿ ಅದರ ಮೇಲೆ. ಐವತ್ತು ನಿಮಿಷ.

20-3, ಗುರುವಾರ

ಈಶ್ವರ ಬಂದು ನಕಲು ತೆರೆದ. ವಿಡಿಯೊ ಸಿಕ್ಕಿತು. ನಲವತ್ತೊಂದು ನಿಮಿಷ. ಮಂದಿ ಬರುವುದು ಇದೆ. ನೀಲಮಕ್ಕನ ಬಿಳಿ ಸೀರೆ ಇದೆ. ವಿಕ್ರಾಂತ ಜಿಲೇಬಿ ತಿನ್ನುವುದು ಇದೆ. ಹತ್ತೊಂಬತ್ತರಿಂದ ಇಪ್ಪತ್ತಾರನೆಯ ನಿಮಿಷ ಬೂದು ಬಣ್ಣದ ಚೌಕಗಳು. ಧ್ವನಿಯೂ ಇಲ್ಲ.

ಪ್ರತಿಜ್ಞೆ ಅಲ್ಲೇ.

“ಮತ್ತೊಮ್ಮೆ ಓಡಿಸಿದ್ರ ಬರತಿತ್ತೇನ್ರಿ?” ಕೇಳಿದೆ.

“ಬರತಿತ್ತೋ ಇಲ್ಲೋ. ಯಾರ ಹೇಳಬೇಕ,” ಅಂದ. ನನ್ನ ಮುಖ ನೋಡಲಿಲ್ಲ.

ಅವನು ಹೋದ ಮೇಲೆ ಅಣ್ಣ ಬಾಗಿಲು ಮುಂದೆ ಮಾಡಿದರು. “ಡಿಸ್ಕ ಸತ್ತಿತ್ತು. ಸತ್ತದ್ದರಿಂದ ಇಷ್ಟರ ತಗದೇವಿ. ಇಷ್ಟ ಹೇಳೂನು. ಹೆಂಗೂ ನೀ ಮಾತಾಡೂದ ಕಡಿಮಿ.”

23-3, ರವಿವಾರ

ಎರಡು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಾಗಿತ್ತು.

ನೀಲಮಕ್ಕ ಸಿಡಿ ಒಯ್ಯಲು ಬಂದಳು. ಅಣ್ಣ ಹೇಳಬೇಕೆಂದದ್ದನ್ನು ಹೇಳಿದರು. ಅವಳು ಅಣ್ಣನಿಗೇ ಕೈಮುಗಿದಳು. ಆರು ದಿನ ಇದಕ್ಕಾಗಿ ಕುಳಿತೆಯಂತೆ ತಂಗಿ ಅಂತ ನನ್ನ ಕೈ ಹಿಡಿದಳು. ಅದನ್ನು ತಡೆಯಲಾಗಲಿಲ್ಲ. ರಸ್ತೆಯ ತನಕ ಹಿಂದೆ ಹೋಗಿ ಎಲ್ಲಾ ಹೇಳಿದೆ. ಪರತದ ಮಾತು, ಫೋರ್ಸ್, ಚಹಾ ಕುಡಿದದ್ದು ಸಹ.

ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ನೀಲಮಕ್ಕ ಸಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ನನ್ನ ಲಗ್ನದಾಗ ವಿಡಿಯೋಕ್ಕ ಲೈಟ ಹಿಡದಾಕಿ ನೀನ ಹೌದಿಲ್ಲೋ?”

“ಹೌದಕ್ಕಾ.”

“ಬಳಗದಾಕಿ ಅಲ್ಲ ನೀ, ನಿನ್ನ ಮಾತ ನಡೀತೈತಿ. ನಾಳೆ ಅಥಣಿಗೆ ಎಂಟರ ಬಸ್ಸಿಗೆ ಬಾ. ಅಳಿಸಿದಾಕೀನ ಕೋರ್ಟಿನ್ಯಾಗ ಹೇಳಲಿ.”

ಸಿಟ್ಟಿನಿಂದ ಅಂದಳೋ ಏನೋ. ತಿಳಿಯಲಿಲ್ಲ.

24-3, ಸೋಮವಾರ, 7.50, ಬಸ್‌ಸ್ಟ್ಯಾಂಡು

ಅಣ್ಣನಿಗೆ ಹೇಳಿಲ್ಲ. ನಾಳೆ ಕೆಲಸ ಇರುತ್ತದೋ ಇಲ್ಲವೋ.

ಹೇಳುವುದನ್ನು ಒಮ್ಮೆ ಬರೆದು ನೋಡುತ್ತೇನೆ.

ವಿಕ್ರಾಂತ ಮೊದಲು ಹೇಳಿದ. ಮೂರನೆಯ ಪ್ರತಿಜ್ಞೆಯಲ್ಲಿ ತಡವರಿಸಿದ. ಭಂತೇಜಿ ಹೇಳಿಕೊಟ್ಟರು. ಹಿಂದೆ ಯಾರೋ ನಕ್ಕರು, ಅವನೂ ನಕ್ಕ. ಆಮೇಲೆ ನೀಲಮಕ್ಕ ಐದೂ ತಪ್ಪದೆ ಹೇಳಿದಳು. ಸಾಖರಪುಡಾದಲ್ಲಿ ಇದನ್ನೆಲ್ಲ ಹೇಳಿಸುವುದಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ವಿಡಿಯೊದಲ್ಲಿ ಅದು ಯಾಕಿಲ್ಲ ಅಂತ ಕೇಳಿದರೆ—

ಬಸ್ಸು ಬಂತು. ನೀಲಮಕ್ಕ ಆಗಲೇ ಹತ್ತಿದ್ದಾಳೆ. ಕಿಟಕಿಯ ಸೀಟಿನ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿದು ನನ್ನ ಕಡೆ ಕೈಮಾಡಿ ಕರೆಯುತ್ತಿದ್ದಾಳೆ.