ಹಾ, ನಿ, ಅ

ಗುರುವಾರ, ತಾರೀಖು ಹದಿನಾಲ್ಕು
ಮಧ್ಯಾಹ್ನ, ಅವಳು ಮಲಗಿರುವಾಗ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ, ಇದು ಮೂರನೆಯದು. ನಿನ್ನ ಪತ್ರ ಬಂದು ಐದು ವಾರವಾಯಿತು. ಫೋನಿನಲ್ಲಿ ‘ಬರೀತೀನಿ, ಬರೀತೀನಿ’ ಅಂದುಕೊಂಡೇ ತಪ್ಪಿಸಿಕೊಂಡೆ. ಕೋಪ ಬಂದಿದ್ದರೆ ಬೈದುಬಿಡು, ಆದರೆ ಪೂರ್ತಿ ಓದಿದ ಮೇಲೆ ಬೈ. ಬಾಯಲ್ಲಿ ಹೇಳಲು ಹೋದರೆ ನೀನು ‘ಅಳಬೇಡ ಕಣೇ’ ಅನ್ನುತ್ತೀಯ, ನಾನು ಅತ್ತುಬಿಡುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ.

ಪುಟ್ಟಿಗೆ ಐದು ತಿಂಗಳು ತುಂಬಿತು. ಬೋರಲು ಬೀಳುತ್ತಾಳೆ, ವಾಪಸು ತಿರುಗಲು ಗೊತ್ತಾಗದೆ ಒದ್ದಾಡಿ ನಮ್ಮ ಮೇಲೆ ರೇಗುತ್ತಾಳೆ. ತೂಕ ಸರಿಯಾಗಿದೆ ಅಂತ ಡಾಕ್ಟರು ಮೂರು ಸಲ ಹೇಳಿದ್ದಾರೆ. ನಾನು ಮೂರು ಸಲ ಕೇಳಿದ್ದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ಹೊತ್ತಿಗೆ ಮಲಗಿದಳು, ಎಷ್ಟು ಹೊತ್ತಿಗೆ ಅತ್ತಳು, ಎಲ್ಲವನ್ನೂ ಅದರಲ್ಲಿ ಬರೆಯುವುದು. ನಿದ್ದೆಗೆಟ್ಟ ತಲೆಯಲ್ಲಿ ಏನೂ ನಿಲ್ಲುವುದಿಲ್ಲ, ಅದಕ್ಕೆ. ಇವರು ಅದಕ್ಕೆ ರೈಲ್ವೆ ಟೈಮ್‌ಟೇಬಲ್ ಎಂದು ಹೆಸರಿಟ್ಟಿದ್ದಾರೆ. ‘ಒಂದು ಗಾಡೀನಾದ್ರೂ ಟೈಮಿಗೆ ಸರಿಯಾಗಿ ಬರುತ್ತಾ ನೋಡು!’

ಈಗ ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ‘ಒಂದು ವರ್ಷ ಪುಟ್ಟೀನ ನನ್ನ ಹತ್ರ ಬಿಡು, ನೀನು ನೆಮ್ಮದಿಯಾಗಿ ಥೀಸಿಸ್ ಮುಗಿಸು. ನಾನೇನು ಹೊರಗಿನೋಳಾ, ದೊಡ್ಡಮ್ಮ ತಾನೇ?’ ಅಂತ ಬರೆದಿದ್ದೆ. ಪತ್ರ ಬಂದ ದಿನವೇ ನಾನು ಫೋನು ಮಾಡಿ ಹೂಂ ಅಂದೆ. ನೀನು ಆ ಚಿಕ್ಕ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗೆ ಹಳದಿ ಪರದೆ ಹಾಕಿಸಿದ್ದೀಯ ಎಂದು ಭಾವ ಇವರಿಗೆ ಹೇಳಿದರಂತೆ. ಆ ಪರದೆಯ ಸುದ್ದಿ ಕೇಳಿದಾಗಿನಿಂದ ನನಗೆ ಪೆನ್ನು ಹಿಡಿಯಲು ಕೈ ಬಂದಿಲ್ಲ.

ಥೀಸಿಸ್ಸಿನ ಹೆಂಗಸಿನ ಕಥೆ ನಿನಗೆ ಅರ್ಧಂಬರ್ಧ ಗೊತ್ತು. ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಮೊದಲ ಹೆಣ್ಣು. ನಲವತ್ತು ವರ್ಷ ಒಂದೇ ಗೋಡೆಯ ಮೇಲಿನ ಕಲ್ಲುಹೂವನ್ನು ಅಳೆದವರು. ಕಲ್ಲಿಗೆ ಅಂಟಿಕೊಂಡು ಬೂದು ಬಣ್ಣದ ಚಕ್ಕೆಯ ಹಾಗೆ ಬೆಳೆಯುತ್ತದಲ್ಲ, ಅದು. ವರ್ಷವೆಲ್ಲ ಬೆಳೆದರೂ ಒಂದು ಮಿಲಿಮೀಟರು. ಆ ಅಳತೆಗಳಿಂದಲೇ ಇವತ್ತು ಹಳೆಯ ಕಟ್ಟಡಗಳ ವಯಸ್ಸು ಹೇಳುತ್ತಾರೆ. ಕಾಲೇಜಿನಲ್ಲಿ ಅವರ ಫೋಟೋ ಕೆಳಗೆ ‘ಸಂಸಾರದ ಗೊಡವೆಯಿಲ್ಲದೆ ವಿಜ್ಞಾನಕ್ಕೇ ಬಾಳು ಸವೆಸಿದವರು’ ಎಂದು ಬರೆದಿದೆ. ನಾನೂ ಮೂರು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಅವರ ನೋಟುಪುಸ್ತಕಗಳು ಈಗ ಅವರ ಅಕ್ಕನ ಮಗಳ ಮನೆಯಲ್ಲಿವೆ. ಆಕೆ ರಿಟೈರಾದ ಸ್ಕೂಲ್ ಟೀಚರು, ಎಂಬತ್ತು ದಾಟಿದೆ. ನಾನು ಅಜ್ಜಿ ಅನ್ನುತ್ತೇನೆ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಚುರುಕು. ಮೊದಲ ದಿನವೇ ‘ಕೈ ತೊಳ್ಕೊಂಡು ಮುಟ್ಟಮ್ಮ, ನಮ್ ಚಿಕ್ಕಮ್ಮ ನೋಡ್ತಿರ್ತಾಳೆ’ ಅಂದಿದ್ದರು. ಅಲ್ಲೇ ಕೂತು ಒಂದೊಂದು ಹಾಳೆಯ ಫೋಟೋ ತೆಗೆದುಕೊಂಡು ಬರುತ್ತಿದ್ದೆ.

ಮೊದಲ ನೋಟುಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರಗಳಿವೆ. ಹಾ, ನಿ, ಅ. ಪಕ್ಕದಲ್ಲಿ ಗಂಟೆ, ನಿಮಿಷ. ನಾನು ಬುದ್ಧಿವಂತೆಯಲ್ಲವೇ! ಹಾ ಅಂದರೆ ಹಾವಸೆ, ನಿ ಅಂದರೆ ನಿರ್ಮಲ ಆಕಾಶ, ಅ ಅಂದರೆ ಅಸ್ಪಷ್ಟ ಎಂದು ತೀರ್ಮಾನ ಮಾಡಿ, ‘ವಿಜ್ಞಾನಿಯ ಸ್ವಂತ ಸಂಕೇತಲಿಪಿ’ ಎಂಬ ತಲೆಬರಹ ಕೊಟ್ಟು ಹನ್ನೊಂದು ಪುಟ ಬರೆದೆ. ರಾತ್ರಿ ಎರಡು ಗಂಟೆಗೆ ಯಾರಮ್ಮ ಕಲ್ಲು ನೋಡುತ್ತಾರೆ ಎಂದು ಒಂದು ಸಲವೂ ತೋಚಲಿಲ್ಲ; ‘ಅವಿಶ್ರಾಂತ ಶ್ರದ್ಧೆ’ ಎಂದು ಹೊಗಳಿದೆ. ಒಂದು ಕಡೆ ನಿ ಹೊಡೆದು ಹಾಕಿ ಮೇಲೆ ಅ ಬರೆದಿದ್ದರು. ‘ಹವೆಯ ವಿವರವನ್ನೂ ತಿದ್ದಿ ಬರೆಯುವ ಪ್ರಾಮಾಣಿಕತೆ’ ಎಂದು ಅದಕ್ಕೂ ಒಂದು ಪ್ಯಾರಾ. ನಮ್ಮ ಗೈಡ್ ಮೇಡಂ ಓದಿ ಕುಣಿದಾಡಿಬಿಟ್ಟರು.

ಹೋದ ಭಾನುವಾರ ಇವರು ಫ್ರಿಜ್ಜಿನಿಂದ ನೀರು ತೆಗೆಯಲು ಬಂದವರು, ಊಟದ ಮೇಜಿನ ಮೇಲೆ ಹರಡಿದ್ದ ಫೋಟೋಗಳ ಹತ್ತಿರ ನಿಂತರು.

‘ಇದೇನೇ, ನಮ್ಮ ಟೈಮ್‌ಟೇಬಲ್ನ ಥೀಸಿಸ್ಸಿಗೂ ಸೇರಿಸಿಬಿಟ್ಯಾ?’

‘ಯಾವ ಟೈಮ್‌ಟೇಬಲ್? ಅದು ಎಂಬತ್ತು ವರ್ಷದ ಹಿಂದಿಂದು ರೀ.’

‘ಎಂಬತ್ತಾದ್ರೆ ಏನು? ಹಾಲು, ನಿದ್ದೆ, ಅಳು. ಎರಡೂಕಾಲಿಗೆ ಹಾಲು, ಮೂರಕ್ಕೆ ನಿದ್ದೆ, ಮೂರೂವರೆಗೆ ಮತ್ತೆ ಅಳು. ಸೇಮ್ ನಮ್ ಪುಟ್ಟಿ!’

ನಾನು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ನೋಡಿದೆ. ನಾನೂ ಅದನ್ನೇ ಬರೆದಿದ್ದೆ ಅಕ್ಕ. ಹಾ, ನಿ, ಅ. ಐದು ತಿಂಗಳಿಂದ ನನ್ನ ಕೈಯಾರೆ ಬರೆಯುತ್ತಿದ್ದೇನೆ, ನನಗೇ ಓದಲು ಬರಲಿಲ್ಲ.

ಕೂತು ಮತ್ತೆ ಮೊದಲಿಂದ ನೋಡಿದೆ. ನಾಲ್ಕು ತಿಂಗಳು ಹನ್ನೊಂದು ದಿನ ಆ ಅಕ್ಷರಗಳಿವೆ. ಆಮೇಲೆ ಒಂದು ಬುಧವಾರದಿಂದ ಅಕ್ಷರವಿಲ್ಲ, ಬರೀ ಗಂಟೆ. 6.10. 9.30. 12.40. ಹೀಗೆ ಒಂಬತ್ತು ದಿನ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ. ಕೊನೆಯ ದಿನ ಒಂದೇ ಒಂದು, 6.05. ಅಷ್ಟೇ. ಕಲ್ಲುಹೂವಿನ ಅಳತೆ ಮಾತ್ರ ಒಂದು ದಿನವೂ ತಪ್ಪಿಲ್ಲ. ಬರೀ ಗಂಟೆ ಯಾಕೆ ಬರೆದರು ಎಂದು ಇವರು ಕೇಳಿದರು. ನನಗೆ ಕೇಳುವ ಅಗತ್ಯವಿರಲಿಲ್ಲ. ಮಗು ಹತ್ತಿರ ಇಲ್ಲದಿದ್ದರೂ ಎದೆಹಾಲಿಗೆ ಹೊತ್ತು ಗೊತ್ತಿರುತ್ತದೆ.

ಮಂಗಳವಾರ ಪುಟ್ಟಿಯನ್ನು ಎತ್ತಿಕೊಂಡೇ ಅಜ್ಜಿಯ ಮನೆಗೆ ಹೋದೆ. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅಂಚಿನಲ್ಲಿ ಇರುವುದನ್ನು ಸುಮ್ಮನೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತರು.

‘ಗೊತ್ತು ಕಣಮ್ಮ. ನನ್ನ ಸಾಕಿದ ಅಮ್ಮ ಸಾಯೋ ಮುಂಚೆ ಹೇಳಿದ್ರು. ನಾನು ಹೊಟ್ಟೇಲಿದ್ದಾಗಲೇ ಅಪ್ಪ ತೀರ್ಕೊಂಡ್ರಂತೆ. ಮಗು ಇರೋ ಹೆಂಗಸಿಗೆ ಆ ಕಾಲೇಜಿನೋರು ಕೆಲಸ ಕೊಡ್ತಿರ್ಲಿಲ್ಲ. ಚಿಕ್ಕಮ್ಮ ನನ್ನನ್ನ ಅಕ್ಕನ ಮಡಿಲಿಗೆ ಹಾಕಿ ಕೆಲಸಕ್ಕೆ ಸೇರಿದಳು. ವರ್ಷಕ್ಕೆರಡು ಸಲ ಬರೋಳು. ಬಂದಾಗೆಲ್ಲ ನನ್ನ ಬಾಗಿಲಿಗೆ ನಿಲ್ಲಿಸಿ ಎತ್ತರ ಅಳೆಯೋಳು. ನಾನು, ಥೂ, ಇದೊಂದು ಅಳೆಯೋ ಚಿಕ್ಕಮ್ಮ ಅಂತ ಓಡಿಹೋಗ್ತಿದ್ದೆ.’

ನಕ್ಕರು. ಆಮೇಲೆ, ‘ಇದನ್ನೆಲ್ಲ ಬರೆದಿಟ್ಟಿದ್ಲು ಅಂತ ಮಾತ್ರ ಗೊತ್ತಿರ್ಲಿಲ್ಲ. ಕೊನೇ ದಿನ ಎಷ್ಟು ಸಲ ಕುಡಿದಿದ್ದೀನಿ, ನೋಡಿ ಹೇಳು’ ಅಂದರು.

‘ಏಳು ಸಲ ಅಜ್ಜಿ.’

‘ಏಳು’ ಅಂದರು. ಪುಟ್ಟಿಯ ಬೆರಳು ಹಿಡಿದುಕೊಂಡಿದ್ದರು, ಬಿಡಲೇ ಇಲ್ಲ. ‘ಜೀವನಪೂರ್ತಿ ಅವಳನ್ನ ಚಿಕ್ಕಮ್ಮ ಅಂತ ಕರೆದೆ. ಗೊತ್ತಾದ ಮೇಲೂ ಹಾಗೇ ಕರೆದೆ. ಒಂದೇ ಒಂದು ಸಲ ಆ ‘ಚಿಕ್ಕ’ ಅನ್ನೋದನ್ನ ನುಂಗಿಕೊಂಡು ಕರೆದಿದ್ರೆ ನನ್ನ ಗಂಟೇನು ಹೋಗ್ತಿತ್ತು?’

ಇದನ್ನು ಥೀಸಿಸ್ಸಿನಲ್ಲಿ ಬರೆಯಲೇ ಎಂದು ಕೇಳಿದೆ. ‘ಬರಿ. ಬಿಟ್ಟುಹೋದಳು ಅಂತ ಬರೀಬೇಡ, ತ್ಯಾಗಮಯಿ ಅಂತಲೂ ಬರೀಬೇಡ. ಏಳು ಸಲ ಅಂತ ಬರಿ’ ಅಂದರು.

ಅಕ್ಕ, ಆ ತಾಯಿ ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆಕೆಯ ಮುಂದೆ ಎರಡನ್ನಿಟ್ಟು ಒಂದನ್ನು ಮಾತ್ರ ತಗೋ ಅಂದರು. ನನಗೆ ಯಾರೂ ಹಾಗೆ ಹೇಳಿಲ್ಲ. ಹನ್ನೊಂದು ಪುಟ ಹರಿದು ಹಾಕಿ ಮತ್ತೆ ಬರೆಯಬೇಕು, ಉಳಿದಿರುವುದು ಹತ್ತೇ ತಿಂಗಳು. ಮೇಡಂ ‘ಆಗುತ್ತೇನಮ್ಮ?’ ಅಂದರು. ಗೊತ್ತಿಲ್ಲ ಅಂದೆ. ಆದರೆ ಪುಟ್ಟಿಯನ್ನು ಕಳಿಸಲಾರೆ. ಹಳದಿ ಪರದೆ ನೆನೆದರೆ ನಿನ್ನ ಮುಖ ಕಣ್ಣಿಗೆ ಕಟ್ಟುತ್ತದೆ, ಆದರೂ ಆಗುವುದಿಲ್ಲ. ಅವಳು ನಿನ್ನನ್ನು ಬಾಯಿತುಂಬಾ ದೊಡ್ಡಮ್ಮ ಅನ್ನಲಿ. ನನ್ನನ್ನು ಕರೆಯುವಾಗ ಹಿಂದೆ ಮುಂದೆ ಏನೂ ಸೇರಿಸದಿರಲಿ.

ಒಂದು ಮಾತು ಕೇಳುತ್ತೇನೆ. ಅವಳನ್ನು ಕರೆದುಕೊಂಡು ಹೋಗಲು ಟಿಕೆಟ್ ಮಾಡಿಸಿದ್ದೀಯಲ್ಲ, ಅದನ್ನು ರದ್ದು ಮಾಡಬೇಡ. ಬಾ. ಬಂದು ಇಲ್ಲೇ ಸ್ವಲ್ಪ ದಿನ ಇರು. ಪರದೆಯನ್ನೂ ತಾ, ನಮ್ಮ ಕಿಟಕಿಗೆ ಹಾಕೋಣ. ಭಾವನ ಊಟದ ಚಿಂತೆ ಬಿಡು, ಇಷ್ಟು ವರ್ಷ ಕೂತು ತಿಂದಿದ್ದಾರೆ, ಈಗ ಕಲಿಯಲಿ.

ಭಾವನಿಗೆ ನಮಸ್ಕಾರ. ಹಿರಿಯಳಾಗಿ ನಿನ್ನ ಆಶೀರ್ವಾದ ನನಗಿರಲಿ. ಪುಟ್ಟಿಗೆ ಎರಡು ಪಾಲು.

ನಿನ್ನ,
ಗುಬ್ಬಿ

ಮತ್ತೆ: ಕವರು ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ನಿನಗೆ ಹೂಂ ಅಂದೆನಲ್ಲ, ಹೋದ ತಿಂಗಳ ಒಂಬತ್ತನೇ ತಾರೀಖು, ಆ ದಿನದ ಹಾಳೆಯಲ್ಲಿ ಬೆಳಿಗ್ಗೆ 11.20ರಿಂದ 12.10ರವರೆಗೆ ನಿ ಎಂದಿದೆ. ಅವಳು ಮಲಗಿರಲಿಲ್ಲ. ಒಂದೇ ಸಮನೆ ಅಳುತ್ತಿದ್ದಳು. ತೊಟ್ಟಿಲಲ್ಲಿ ಹಾಕಿ, ಬಾಗಿಲು ಮುಚ್ಚಿ, ಕೇಳಿಸದಿರಲಿ ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತೆ. ಐವತ್ತು ನಿಮಿಷ. ಬಾಗಿಲು ತೆಗೆದಾಗ ಅವಳಿಗೆ ಅಳಲು ದನಿಯೇ ಉಳಿದಿರಲಿಲ್ಲ, ಸುಮ್ಮನೆ ನನ್ನನ್ನೇ ನೋಡಿದಳು. ಎತ್ತಿಕೊಂಡು, ಹಾಲು ಕುಡಿಸಿ, ನಿ ಎಂದು ಬರೆದು, ನಿನಗೆ ಫೋನು ಮಾಡಿದೆ. ಥೀಸಿಸ್ಸಿಗೋಸ್ಕರ ಹೂಂ ಅಂದಿದ್ದಲ್ಲ ಅಕ್ಕ. ನನ್ನ ಹತ್ತಿರ ಅವಳು ಇರಬಾರದು ಅನ್ನಿಸಿತ್ತು. ಯಾರಿಗೂ ಹೇಳಿಲ್ಲ, ಇವರಿಗೂ. ಇವತ್ತು ಬೆಳಿಗ್ಗೆ ಹಳೆಯ ಹಾಳೆ ಹುಡುಕಿ, ಆ ನಿ ಹೊಡೆದು ಹಾಕಿ ಮೇಲೆ ಅ ಎಂದು ಬರೆದೆ. ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದೇನೆ. ಸಂಜೆ ಇವರು ಬಂದು ನೋಡುತ್ತಾರೆ. ನೀನು ಬೇಗ ಬಾ.